ಹೊರಬಳೆ

ಐ.ಡಿ. ಫ್ಯಾನು ನಿಂತರೆ ಬಾಯ್ಲರು ನಿಂತಂತೆ,
ಬಾಯ್ಲರು ನಿಂತರೆ ಗಾಣ.
ಗಾಣ ನಿಂತರೆ, ಗೇಟಿನಿಂದ ವಿ.ಸಿ. ನಾಲೆಯ ಸೇತುವೆವರೆಗೆ
ಸಾಲುಗಟ್ಟಿದ ಗಾಡಿಗಳ ಮೇಲೆ ಕಬ್ಬು
ಗಂಟೆಗಿಷ್ಟು ಎಂದು ತೂಕ ಕಳೆದುಕೊಳ್ಳುತ್ತದೆ.
ಇದನ್ನು ನನಗೆ ಯಾರೂ ಪಾಠ ಮಾಡಲಿಲ್ಲ.
ಮಂಡ್ಯಕ್ಕೆ ಬಂದ ಮೊದಲ ರಾತ್ರಿಪಾಳಿಯಲ್ಲೇ
ಗಾಡಿಯವನೊಬ್ಬ ಬೀಡಿ ಹಚ್ಚುತ್ತ ಅಂದಿದ್ದ:
"ಮಿಶನ್ನು ಕೆಡಂಗಿದ್ರೆ ಮುಂಚೇನೇ ಯೋಳ್ಬುಡವ್ವ,
ಎತ್ ಬಿಚ್ಚಿ ನೀರು ಕುಡುಸ್ಕತೀನಿ."

ಗೇಟಿನಲ್ಲಿ ಗಾಜಿನ ಬಳೆ ತೆಗೆದು
ಊಟದ ಡಬ್ಬಿಯ ಮೇಲ್ತಟ್ಟೆಯಲ್ಲಿಡುತ್ತೇನೆ.
ಸೆನ್ಸರು ಜಾಯಿಕಾಯಿ ಗಾತ್ರದ್ದು, ಅಡಿಗೆ ಅಯಸ್ಕಾಂತ,
ಬೇರಿಂಗಿನ ಮನೆಗೆ ಟಕ್ಕೆಂದು ಕಚ್ಚುತ್ತದೆ.
ಅಡ್ಡ, ಲಂಬ, ಶಾಫ್ಟಿನ ಗುಂಟ.
ಅಳತೆ ಮುಗಿಯುವ ತನಕ ಉಸಿರು ಹಿಡಿಯುವುದು ನನ್ನ ರೂಢಿ,
ಯಂತ್ರವೇನೂ ಕೇಳಿಲ್ಲ.

ಒಟ್ಟು ಕಂಪನ ಎರಡೂ ಮುಕ್ಕಾಲು. ಬಣ್ಣ ಹಸಿರು.
ಆದರೆ ಜಡೆ ಬಿಚ್ಚಿ ಎಳೆ ಎಳೆ ಹರವುವಂತೆ
ಸದ್ದನ್ನು ಬಿಡಿಸಿ ನೋಡಿದರೆ
ಹದಿನಾರರಲ್ಲಿ ಫ್ಯಾನು ತಿರುಗುವ ಎಳೆ, ಇರಬೇಕಾದ್ದೇ.
ನೂರ ಮೂವತ್ತರಲ್ಲಿ ಒಂದು ಮುಳ್ಳು.
ಇನ್ನೂರ ಅರವತ್ತರಲ್ಲಿ ಅದರ ತಂಗಿ.
ಮುನ್ನೂರ ತೊಂಬತ್ತರಲ್ಲಿ, ಕಂಡೂ ಕಾಣದಂತೆ, ಕೈಗೂಸು.

ಬೇರಿಂಗಿಗೂ ಎರಡು ಬಳೆ.
ಒಳಗಿನದು ಶಾಫ್ಟಿನ ಜೊತೆ ಸುತ್ತುತ್ತದೆ,
ಹೊರಗಿನದು ಕೂತಲ್ಲೇ ಕೂತು ಭಾರ ಹೊರುತ್ತದೆ.
ಕೂತದ್ದಕ್ಕೇ ಗಾಯ.
ಸೆಕೆಂಡಿಗೆ ನೂರ ಮೂವತ್ತು ಸಲ ಒಂದಲ್ಲ ಒಂದು ರೋಲರು
ಅದರ ಮೇಲೇ ಕಾಲಿಟ್ಟು ದಾಟುತ್ತಿದೆ.

"ಹಸಿರಿದೆಯಲ್ಲಮ್ಮ," ಎಂದರು ಇಂಜಿನಿಯರ್ ಪುಟ್ಟಂಕಯ್ಯ.
ಮತ್ತೆ, ಸ್ವಲ್ಪ ತಡೆದು: "ಎಷ್ಟು ದಿನ?"
ಮುಳ್ಳಿನ ಮೇಲೆ ತಾರೀಕು ಬರೆದಿರುವುದಿಲ್ಲ.
"ಹನ್ನೊಂದು," ಎಂದೆ.
ಹತ್ತು ಎಂದಿದ್ದರೆ ಊಹೆಯ ಹಾಗೆ ಕೇಳುತ್ತಿತ್ತು.

ಫಿಟ್ಟರ್ ದಸ್ತಗೀರ್ ಸಾಬರಿಗೆ ಕಿವಿಯಿಲ್ಲ.
ಗಾಣದ ಮಗ್ಗುಲಲ್ಲಿ ಮೂವತ್ತೊಂದು ಹಂಗಾಮು ಕಳೆದು ಸವೆದವು,
ಬೋನಸ್ಸಿಗೆ ಹೆಸರು ಕೂಗಿದರೂ ತಿರುಗುವುದಿಲ್ಲ.
ಮೊಳದುದ್ದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗಾನಿಸಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದರು.
ದವಡೆಯ ಮೂಳೆ ಹತ್ತಿದ ನಡುಕ ತಲೆಯೊಳಗೆ ಎಲ್ಲಿ ತಲುಪಿತೋ,
ಹಿಡಿಯನ್ನು ತೋಳಿಗೆ ಒರೆಸಿ
"ಅಕ್ಕೀಲಿ ಕಲ್ ಕಚ್ದಂಗಾಯ್ತದೆ," ಎಂದರು.
ತೆರೆಯ ಮೇಲೆ ನನ್ನ ಮುಳ್ಳು ತೋರಿಸಿದೆ.
ಬೆರಳಿಟ್ಟು ನೋಡಿದರು, ಚುಚ್ಚುವುದೋ ಎಂಬಂತೆ.

ಮೂರನೇ ದಿನ ಮುಳ್ಳು ಬೆಳೆಯಿತು.
ಐದನೇ ದಿನ ಕುಗ್ಗಿತು. ಹೆದರಿದ್ದು ಆಗಲೇ:
ಒಡೆದ ಅಂಚು ಸವೆದು ನುಣ್ಣಗಾದಾಗ
ಸದ್ದು ತಗ್ಗುತ್ತದೆ, ಗಾಯ ಹಿಗ್ಗುತ್ತದೆ.
ಮನೆಯಲ್ಲಿ ಅತ್ತೆ ಮಿಕ್ಸಿ ಹಾಕಿದರೆ
ಚಟ್ನಿ ಬಿಟ್ಟು ಅದರ ಬುಷ್ಷಿನ ಬಗ್ಗೆ ಯೋಚಿಸಿದೆ.
ಎಂಟನೇ ದಿನ ಗಾಣ ತೊಳೆಯಲು ಹೇಗೂ ನಿಲ್ಲಿಸುವುದಿತ್ತು,
ಹನ್ನೊಂದನ್ನು ಹನ್ನೊಂದಾಗಲು ನಾನೇ ಬಿಡಲಿಲ್ಲ.
ಲೆಕ್ಕ ಸರಿಯಿತ್ತೋ ಇಲ್ಲವೋ ಇನ್ನು ಯಾರಿಗೂ ತಿಳಿಯದು.
ಈ ಕೆಲಸದಲ್ಲಿ ಗೆದ್ದರೆ ಏನೂ ಆಗುವುದಿಲ್ಲ.

ಬಿಚ್ಚಿದರೆ, ಹೊರಬಳೆಯ ತಳದಲ್ಲಿ, ಭಾರ ಬೀಳುವಲ್ಲಿ,
ಹುರುಳಿ ಕಾಳಿನಷ್ಟು ಕಿತ್ತ ಗುರುತು.
"ಇಷ್ಟಕ್ಕಾ?" ಎಂದರು ಪುಟ್ಟಂಕಯ್ಯ,
ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

ಹೊಸದನ್ನು ಕಾಯಿಸಿ ಕೂರಿಸಿ ಆಯಿತು. ಫ್ಯಾನು ಎದ್ದಿತು.
ದಸ್ತಗೀರ್ ಸಾಬರು ಹಿಡಿ ಕಚ್ಚಿ ಬಹಳ ಹೊತ್ತು ನಿಂತು
"ಏನೂ ಕೇಳುಸ್ತಾ ಇಲ್ಲ ಕಣವ್ವ," ಎಂದರು.
ಬೇರಿಂಗಿನ ಮಾತೋ, ವಯಸ್ಸಿನ ಮಾತೋ,
ಮೂರು ಸಲ ಅಳೆದು ಖಾತ್ರಿ ಮಾಡಿಕೊಂಡೆ.

ಗುಜರಿ ಡ್ರಮ್ಮಿನ ಮೇಲಿದ್ದ ಹಳೆಯ ಹೊರಬಳೆಗೆ
ಯಾರೂ ಇಲ್ಲದಾಗ ಕೈ ತೂರಿಸಿದೆ.
ಮೊಣಕೈ ದಾಟಿ ಭುಜದ ತನಕ ಬಂತು,
ಗ್ರೀಸು ಜಿಡ್ಡು, ಒಳ್ಳೇ ಭಾರ,
ಇನ್ನೂ ಬೆಚ್ಚಗಿತ್ತು.